ಹೆಸರಿಲ್ಲದ ರೀಡರ್

ಅಣ್ಣಿಗೇರಿ ಹತ್ತಿರದ ಹತ್ತಿ ಮಿಲ್ಲೊಂದರಲ್ಲಿ ಹಮಾಲ ಮಂಜಪ್ಪ ಸತ್ತಾಗ, ಯಂತ್ರಕ್ಕೆ ಸಿಕ್ಕನೆಂದು ಮಿಲ್ಲಿನವರು ಹೇಳಿದರು. ಹೆಣ ತೊಳೆದ ಹೆಂಡತಿ ಮಲ್ಲಮ್ಮ ಒಪ್ಪಲಿಲ್ಲ.

"ಮಷಿನ್ ಬಡಿಗಿ ಹಿಡಕೊಂಡು ಹಿಂದಿಂದ ತಲಿಗೆ ಹೊಡಿತೈತೇನವ್ವಾ?" ಎನ್ನುತ್ತ ಆಕೆ ಶಗುಫ್ತಾಳ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸೆರಗಿನ ಗಂಟು ಬಿಚ್ಚಿದಳು.

ಗಂಟಿನಲ್ಲಿ ಮೆಮೊರಿ ಕಾರ್ಡ್ ಕಚ್ಚಿಕೊಂಡಿದ್ದ ಒಂದು ಕಾರ್ಡ್ ರೀಡರ್ ಇತ್ತು. ಮಿಲ್ಲಿನ ಕ್ಯಾಮೆರಾ ಚಿತ್ರಗಳು ದಾಖಲಾಗುವ ಪೆಟ್ಟಿಗೆಯನ್ನು ಮೇಸ್ತ್ರಿ ಕಾಶಿನಾಥ ಹಾರೆಯಿಂದ ಜಜ್ಜಿದ್ದ. ಚೂರುಗಳ ನಡುವೆ ಉಳಿದಿದ್ದ ಇದನ್ನು ವಾಚ್‌ಮನ್ ಮುಸ್ತಫಾ ಆಕೆಗೆ ಮುಟ್ಟಿಸಿದ್ದ.

"ಪೊಲೀಸರಿಗೆ ಕೊಡ್ರಿ," ಎಂದಳು ಶಗುಫ್ತಾ.

"ಮೊದಲ ನಾ ನೋಡ್ತೀನಿ. ಆಮ್ಯಾಲ ಕೊಡೂಣು."

ರೀಡರಿನ ಮೇಲೆ ಕಂಪನಿಯ ಹೆಸರಿಲ್ಲ, ಅಂತರ್ಜಾಲದಲ್ಲಿ ಅದರ ಸುಳಿವಿಲ್ಲ. ಕಂಪ್ಯೂಟರಿಗೆ ಅದರ ಭಾಷೆ ತಿಳಿಯದು. ಕಾರ್ಡನ್ನು ಬೇರೆ ರೀಡರಿಗೆ ಹಾಕಿದರೆ ಬರೀ ಕಸ. ಅದರ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಡ್ರೈವರ್ ಪ್ರೋಗ್ರಾಮನ್ನು ತಾನೇ ಬರೆಯಬೇಕೆಂದು ಶಗುಫ್ತಾ ಕುಳಿತಳು. ಒಂದೊಂದೇ ಆಜ್ಞೆ ಕಳಿಸಿ ಉತ್ತರಕ್ಕೆ ಕಾದಳು. ತಪ್ಪು ಆಜ್ಞೆ ಹೋದರೆ ಕಾರ್ಡೇ ಅಳಿಸಿಹೋದೀತೆಂದು ಪ್ರತಿಯೊಂದನ್ನೂ ಎರಡೆರಡು ಸಲ ಓದಿ ಕಳಿಸಿದಳು. ಕೊನೆಗೊಮ್ಮೆ ರೀಡರ್ ಉತ್ತರಿಸಿತು, ಅದೂ ಕಸವೇ. ಆದರೆ ಆ ಕಸದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ರೀಡರ್ ಎಲ್ಲದರ ಮೇಲೂ ಇದೇ ಸಾಲನ್ನು ಹೊದಿಸಿ ಮರೆಮಾಚುತ್ತದೆ, ಖಾಲಿ ಜಾಗದಲ್ಲಿ ಹೊದಿಕೆಯಷ್ಟೇ ಕಾಣುತ್ತದೆ ಎಂದು ಅವಳಿಗೆ ಹೊಳೆಯಿತು. ಆ ಸಾಲನ್ನು ಕಳೆದು ಓದುವಂತೆ ಡ್ರೈವರ್ ತಿದ್ದಿದಳು. ಚಿತ್ರ ಮೂಡಿತು. ಕಾರ್ಡಿನಲ್ಲಿದ್ದುದನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು.

ಮಲ್ಲಮ್ಮನನ್ನು ಕರೆಸಿದಳು. ಪರದೆಯಲ್ಲಿ ಕಾಶಿನಾಥ ಕೂಲಿ ಹೆಂಗಸೊಬ್ಬಳ ಜಡೆ ಹಿಡಿದು ಎಳೆಯುತ್ತಿದ್ದ. ಮಂಜಪ್ಪ ಅವನ ಕೈ ಬಿಡಿಸಿ ತಿರುಗಿದ. ಹಿಂದಿನಿಂದ ಕಾಶಿನಾಥನ ಬಡಿಗೆ ಬಿತ್ತು. ಬಿದ್ದವನ ತಲೆಯ ಮೇಲೆ ಮತ್ತೆ, ಮತ್ತೆ. ಮಲ್ಲಮ್ಮ ಕಣ್ಣು ಮುಚ್ಚಲಿಲ್ಲ.

ಶಗುಫ್ತಾ ವಿಡಿಯೊವನ್ನು ಠಾಣೆಗೆ ಕಳಿಸಿ ಫೋನ್ ಇಟ್ಟಳಷ್ಟೆ. ಶಟರ್ ಧಡ್ಡನೆ ಇಳಿಯಿತು. ಮುಸ್ತಫಾನನ್ನು ಬಡಿದು ಬಾಯಿ ಬಿಡಿಸಿ ಬಂದಿದ್ದ ಕಾಶಿನಾಥ ಒಳಗಿದ್ದ, ಕೈಯಲ್ಲಿ ನಟ್ಟು ಬಿಗಿಯುವ ಕಬ್ಬಿಣದ ಪಾನಾ.

"ಎಲ್ಲೈತಿ ಅದು?"

ರೀಡರನ್ನು ಬೂಟಿನಡಿ ಹಾಕಿ ತುಳಿದ. ಶಗುಫ್ತಾಳ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ಪಾನಾ ಎತ್ತಿದ. ಬೆರಳೆಲುಬು ಲಟಕ್ಕೆಂದಿತು. ಮತ್ತೊಮ್ಮೆ ಎತ್ತುವಷ್ಟರಲ್ಲಿ ಮಲ್ಲಮ್ಮ ಮೇಜಿನ ಮೇಲೆ ಕಾದಿದ್ದ ಬೆಸುಗೆ ಕಡ್ಡಿಯನ್ನು ಅವನ ಕಣ್ಣಿಗೆ ಚುಚ್ಚಿದಳು. ಅವನು ಅರಚುತ್ತ ಉರುಳಿದ. ಅವಳು ಬಿದ್ದ ಪಾನಾ ತೆಗೆದುಕೊಂಡು ಅವನ ಮೊಣಕಾಲಿಗೆ ಬಾರಿಸಿ, ತಲೆಯ ಮೇಲೆತ್ತಿದಳು.

"ಬ್ಯಾಡ್ರಿ! ಇಂವ ಸತ್ರ ಕೋರ್ಟಿನ್ಯಾಗ ಯಾರನ್ನ ಜವಾಬು ಕೇಳೂದು?" ಶಗುಫ್ತಾ ಚೀರಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಪೊಲೀಸರು ಶಟರ್ ಎತ್ತುವವರೆಗೂ ಇಳಿಯಲಿಲ್ಲ.

ಕಾಶಿನಾಥ ಒಂದು ಕಣ್ಣು ಕಳೆದುಕೊಂಡು ಜೈಲು ಸೇರಿದ. ಮಲ್ಲಮ್ಮನ ಮೇಲೂ ಕೇಸು ಬಿತ್ತು. ಜಾಮೀನಿನ ಮೇಲೆ ಹೊರಬಂದವಳು ಮೊದಲು ಅಂಗಡಿಗೇ ಬಂದಳು.

"ನನ್ನ ಗಂಡ ಜೀವಂತ ಇದ್ದದ್ದೂ ಆ ವಿಡಿಯೊದಾಗ ಐತಲ್ಲವ್ವಾ? ಅದನ್ನ ಹಚ್ಚು."

ಶಗುಫ್ತಾ ಎಡಗೈಯಲ್ಲಿ ಹುಡುಕಿ ಹಚ್ಚಿದಳು. ಮಂಜಪ್ಪ ಹತ್ತಿ ತುಂಬಿದ ಅಂಡಿಗೆ ಮೂಟೆಗೆ ಆತು ನಿಂತು, ಯಾರದೋ ಮಾತಿಗೆ ನಗುತ್ತಿದ್ದ.