ಹಿಂದಿನ ರೂಮಿನವರನ್ನೂ ಕೇಳಿ

ಹೆಬ್ಬಗೋಡಿಯ ಭಾಗ್ಯಮ್ಮನವರ ಮನೆಗೆ ಯಾರು ಏನು ಕೇಳಿಕೊಂಡು ಬಂದರೂ ಗೇಟಿನಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಪೋಲಿಯೊ ಹನಿಯವರಿಗೆ, ಓಟಿನ ಚೀಟಿಯವರಿಗೆ, ಎಲ್ಲರಿಗೂ ಅವರೇ ಹೇಳಿ ಕಳಿಸುತ್ತಾರೆ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಮನೆಯಿದೆ. ಮನೆಯ ಹಿಂದೆ ಶೀಟ್ ಹೊದಿಸಿದ ಬಾಡಿಗೆ ರೂಮುಗಳ ಸಾಲು. ಅಲ್ಲಿನವರು ಒಂದೋ ಕೆಲಸದಲ್ಲಿ, ಇಲ್ಲವೇ ಪಾಳಿ ಮುಗಿಸಿ ನಿದ್ದೆಯಲ್ಲಿ. ಅವರ ಪರವಾಗಿ ಮಾತಾಡುವುದು ಓನರ್ ಕೆಲಸವೆಂದೇ ಭಾಗ್ಯಮ್ಮ ತಿಳಿದಿದ್ದರು.

ಆ ಭಾನುವಾರ ಬಂದವರು ಸರ್ಕಾರಿ ಆರೋಗ್ಯ ಕೇಂದ್ರದ ನರ್ಸ್ ಶೋಭಾರಾಣಿ, ಯಾವ ಬಸುರಿಯರಿಗೆ ಚೆಕಪ್ ಆಗಿದೆ ಎಂದು ಬರೆದುಕೊಳ್ಳಲು. ವಾರವಿಡೀ ದುಡಿದು, ರಜೆಯ ದಿನವೂ ಮನೆ ಮನೆ ಹತ್ತಿಳಿದು ಅವರಿಗೆ ಸಾಕಾಗಿತ್ತು. ಗೇಟು ಹಿಡಿದುಕೊಂಡೇ ಕೇಳಿದರು.

"ಬಸುರಿ ಹೆಂಗಸರು ಯಾರಾದ್ರೂ ಇದ್ದಾರಾ ಭಾಗ್ಯಕ್ಕ?"

"ನಮ್ ಸೊಸೆ ದಿವ್ಯಾ ಒಬ್ಳು. ಹಿಂದ್ಗಡೆ ರೂಮಲ್ಲಿ ಆ ಮಲಕವ್ವ. ಇಬ್ರಿಗೂ ಚೆಕಪ್ ಆಗೈತೆ, ಬರ್ಕೊಂಡು ಹೋಗಮ್ಮ."

"ಮಲಕವ್ವ ಹಂಗಂತ ಹೇಳಿದ್ರಾ?"

"ಅವಳ್ಯಾಕೆ ಹೇಳ್ಬೇಕು? ಗುರುವಾರ ಅಂಗನವಾಡೀಲಿ ನೀವೇ ತಾನೆ ಫ್ರೀಯಾಗಿ ನೋಡೋದು? ನಮ್ ದಿವ್ಯಾ ಒಂದ್ಸಲಾನೂ ತಪ್ಪಿಸಿಲ್ಲ. ಅವಳೂ ಹೋಗಿರ್ತಾಳೆ."

"ಹೋಗಿರ್ತಾಳೆ ಅಂತ ಬರೆಯೋಕಾಗಲ್ಲಕ್ಕ. ಸ್ವಂತ ಮನೆಯೋರ್ದು ಬೇರೆ, ಬಾಡಿಗೆಯೋರ್ದು ಬೇರೆ ಬರೀಬೇಕು, ಅವರವರ ಬಾಯಿಂದಾನೇ ಕೇಳ್ಬೇಕು."

ಭಾಗ್ಯಮ್ಮನಿಗೆ ಸಿಟ್ಟು ಬಂತು. "ಯಾಕಮ್ಮ ಬೇರೆ ಬೇರೆ? ನಾನು ಬಾಡಿಗೆಯೋರಿಗೆ ಭೇದ ಮಾಡಿದ್ದು ನೋಡಿದ್ದೀಯಾ? ಅಬ್ಬಕ್ಕೆ ಒಬ್ಬಟ್ಟು ಮಾಡಿದ್ರೆ ಕಡೇ ರೂಮಿಗೂ ಕೊಡ್ತೀನಿ. ಸರ್ಕಾರದೋರು ನೀವೇ ಇಂಗೆ ಬಡವ್ರು ಬಲ್ಲಿದ್ರು ಅಂತ ಗೆರೆ ಎಳೆದ್ರೆ ಎಂಗೆ?" ಆಮೇಲೆ ದನಿ ತಗ್ಗಿಸಿದರು. "ರೂಮ್ ಎಣಿಸ್ಕೊಂಡು ಹೋಗಿ ಕಂದಾಯದೋರಿಗೆ ಹೇಳ್ತೀಯೇನು? ನಿಜ ಹೇಳು."

"ನನ್ ಕೆಲಸಾನೇ ಮುಗೀತಿಲ್ಲ, ಅವರ್ದೂ ಮಾಡ್ಲಾ?" ಎಂದು ಶೋಭಾರಾಣಿ ಸುಸ್ತಿನಲ್ಲೂ ನಕ್ಕು ಕಟ್ಟೆಯ ಮೇಲೆ ಕೂತರು. "ಕೇಳಿ ಅಕ್ಕ. ಗುರುವಾರದ ತಪಾಸಣೆ ಶುರುವಾಗೋಕ್ಮುಂಚೆ ನಮ್ ಏರಿಯಾದಲ್ಲಿ ಸ್ವಂತ ಮನೆ ಬಸುರಿಯರು ಹತ್ತರಲ್ಲಿ ಐದು ಜನ ಚೆಕಪ್ ಮಾಡಿಸ್ತಿದ್ರು. ಬಾಡಿಗೆಯೋರು ಹತ್ತರಲ್ಲಿ ಮೂರು. ಈಗ ಸ್ವಂತ ಮನೆಯೋರು ಒಂಬತ್ತು ಜನ ಬರ್ತಾರೆ."

"ಒಳ್ಳೇದೇ ಆಯ್ತಲ್ಲ."

"ಬಾಡಿಗೆಯೋರು ಇನ್ನೂ ಮೂರೇ. ಎಲ್ಲಾ ಕೂಡಿಸಿ ಬರೆದ್ರೆ ಹೆಚ್ಚಾಗಿದೆ ಅಂತ ಕಾಣುತ್ತೆ, ಶಭಾಶ್ ಅಂತಾರೆ. ಆದ್ರೆ ನಾವು ಮಾಡಿದ ಕೆಲಸದಿಂದಾನೇ ಉಳ್ಳೋರಿಗೂ ಇಲ್ದೋರಿಗೂ ನಡುವೆ ಅಂತರ ಮೊದಲಿಗಿಂತ ಜಾಸ್ತಿ ಆಗಿದೆ. ಬೇರೆ ಬೇರೆ ಎಣಿಸದೆ ಅದು ಗೊತ್ತಾಗಲ್ಲ."

ಭಾಗ್ಯಮ್ಮ ಹಿಂದಿನ ರೂಮುಗಳ ಕಡೆ ನೋಡಿದರು. "ನಮ್ ನೀರಿನಂಗೆ," ಎಂದರು. "ನಾನು ಟ್ಯಾಂಕ್ ತುಂಬ್ಸಿ ಎಲ್ಲಾರ್ಗೂ ನೀರು ಸಿಕ್ತು ಅಂದ್ಕೊಂಡಿರ್ತೀನಿ. ಮುಂದಿನ ರೂಮಿನೋರು ಬಕೆಟ್ ಬಕೆಟ್ ಇಡ್ಕೊಂಡಿರ್ತಾರೆ, ಕಡೇ ನಲ್ಲೀಲಿ ತೊಟ್ಟಿಕ್ತಿರುತ್ತೆ. ಅವರು ಬಂದು ಜಗಳ ಆಡೋವರ್ಗೂ ನಂಗೆ ಗೊತ್ತೇ ಆಗಲ್ಲ."

"ಇವರು ಜಗಳ ಆಡೋಕೂ ಬರಲ್ಲಕ್ಕ."

ಇಬ್ಬರೂ ಎದ್ದು ಹಿಂದಕ್ಕೆ ಹೋದರು. ಮಲಕವ್ವ ಯಾದಗಿರಿ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಗಂಡ ಲೋಡ್ ಗಾಡಿಯಲ್ಲಿ ಹೊರಗೆ ಹೋಗಿದ್ದ. ಏಳು ತಿಂಗಳು ತುಂಬಿದ್ದ ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಬಳೆಗಳು ಕೈಗೆ ಕಚ್ಚಿಕೊಂಡಿದ್ದವು.

"ಚೆಕಪ್‌ಗೆ ಹೋಗಿದ್ದೇನಮ್ಮ?"

"ಎಲ್ಲಿ ಹೋಗ್ಲಿ ಬಿಡ್ರಿ ಸಿಸ್ಟರ್. ಗುರುವಾರ ರಜಾ ಹಾಕಿದ್ರ ಪಗಾರ ಹಿಡಿತಾರ. ಸೂಪರ್‌ವೈಜರ್ ಒದರ್ತಾನ. ಭಾನುವಾರ ನಂದು ಸೂಟಿ, ಅವತ್ತ ನಿಮ್ದೂ ಸೂಟಿ."

"ತಲೆನೋವು ಇದೆಯಾ?"

"ಎರಡು ದಿನಾತ್ರಿ, ಸಿಡ್ಯಾಕತ್ತೈತಿ. ಕಣ್ಣೂ ಮಬ್ಬ ಆಗ್ಯಾವ. ದಣಿವಿಗೆ ಇರ್ಬೇಕಂತ ಸುಮ್ಮನಾದೆ."

ಶೋಭಾರಾಣಿ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದರು. ತಕ್ಷಣ 108ಕ್ಕೆ ಫೋನ್ ಮಾಡಿದರು.

"ಬಿ.ಪಿ. ತುಂಬಾ ಏರಿದೆ ಭಾಗ್ಯಕ್ಕ. ತಡ ಮಾಡಿದ್ರೆ ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರಿಗೂ ಅಪಾಯ."

"ಎರಡು ದಿನದಿಂದ ತಲೆ ಸಿಡೀತಿದ್ರೆ ನಂಗೊಂದು ಮಾತು ಹೇಳ್ಬಾರ್ದೇನೇ?" ಭಾಗ್ಯಮ್ಮ ಮಲಕವ್ವನ ಪಕ್ಕ ಕೂತರು.

"ನಿಮಗ್ಯಾಕ ತ್ರಾಸ ಅಂತ್ರೀ..."

ಆಂಬುಲೆನ್ಸ್ ಬಂತು. ದಿವ್ಯಾ ತನ್ನ ಹೆರಿಗೆಗೆಂದು ಜೋಡಿಸಿಟ್ಟಿದ್ದ ಬ್ಯಾಗನ್ನೇ ತಂದು ಮಲಕವ್ವನ ಪಕ್ಕದಲ್ಲಿಟ್ಟಳು. ಭಾಗ್ಯಮ್ಮ ಚಪ್ಪಲಿ ಮೆಟ್ಟಿ ಜೊತೆಗೆ ಹತ್ತಿದರು.

ಸಂಜೆಯ ಹೊತ್ತಿಗೆ ಬಿ.ಪಿ. ಸ್ವಲ್ಪ ಇಳಿಯಿತು. ಮಗುವಿನ ಎದೆಬಡಿತ ಸರಿಯಾಗಿತ್ತು. ಡಾಕ್ಟರು ದೊಡ್ಡ ಭರವಸೆಯನ್ನೇನೂ ಕೊಡಲಿಲ್ಲ. ಸದ್ಯಕ್ಕೆ ಇಲ್ಲೇ ಇರಲಿ, ದಿನಾ ನೋಡಬೇಕು ಎಂದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಭಾಗ್ಯಮ್ಮ, ಜೊತೆಗೇ ಬಂದಿದ್ದ ಶೋಭಾರಾಣಿ ಇಬ್ಬರೂ ಕೂತಿದ್ದರು.

"ಆ ಗುರುವಾರದ್ದು ಭಾನುವಾರ ಮಾಡೋಕಾಗಲ್ವೇನಮ್ಮ?"

"ಕೇಳ್ಬಹುದಕ್ಕ. ಯಾರು ಬರ್ತಿಲ್ಲ, ಯಾಕೆ ಬರ್ತಿಲ್ಲ ಅಂತ ತೋರಿಸಿದ್ರೆ ಮೇಲಿನೋರು ಕೇಳಿಸ್ಕೋತಾರೆ. ಒಟ್ಟು ಲೆಕ್ಕ ಇಟ್ಕೊಂಡು ಹೋದ್ರೆ, ಎಲ್ಲಾ ಚೆನ್ನಾಗೇ ಇದೆಯಲ್ಲ ಅಂತಾರೆ."

"ಅಂಗಾದ್ರೆ ಬರೋ ಭಾನುವಾರ ಬಾ. ಪ್ರತಿ ರೂಮಿನ ಬಾಗಿಲೂ ನಾನೇ ತಟ್ತೀನಿ. ಮಾತಾಡೋದು ಮಾತ್ರ ಅವರೇ."

ನಿಮ್ಮ ಗೇಟಿಗೂ ಹೀಗೊಬ್ಬರು ದಣಿದು ಬಂದು ನಿಲ್ಲುತ್ತಾರೆ. ಬಾಡಿಗೆಯವರ ಉತ್ತರ ನೀವು ಹೇಳಬೇಡಿ, ಅವರ ಬಾಗಿಲು ತೋರಿಸಿ. ಮನೆ ಯಾರದು, ದುಡಿಮೆ ಏನು ಎಂದು ಕೇಳಿದರೆ ಬೇಸರಪಡಬೇಡಿ. ಆರೋಗ್ಯದ ಕೆಲಸ ಬಡವರನ್ನು ಮುಟ್ಟಿತೇ, ಬಿಟ್ಟುಹೋಯಿತೇ ಎಂದು ತಿಳಿಯಲು ಅದನ್ನು ಕೇಳಲೇಬೇಕು. ನಿಮ್ಮ ಸಂಘದ ಸಭೆಯಲ್ಲಿ, ವಾರ್ಡಿನ ಸಭೆಯಲ್ಲಿ ನೀವೂ ಕೇಳಿ: ಒಟ್ಟು ಎಷ್ಟು ಜನ ಬಂದರು ಅಂದಿರಿ, ಶೀಟಿನ ಮನೆಯವರು ಎಷ್ಟು ಜನ? ಗರ್ಭಿಣಿಯರಿಗೆ ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಕೈ ಊದಿದರೆ ಅದನ್ನು ದಣಿವು ಎಂದುಕೊಂಡು ಕೂರಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿ. ಹೋಗಲಾಗದವರು ಪಕ್ಕದಲ್ಲಿದ್ದರೆ ಕರೆದುಕೊಂಡು ಹೋಗಿ.