ಬೈರಕೂರಿನ ಹಗೇವು

೧೯೪೩ನೇ ಇಸವಿ ಜುಲೈ ೧೪, ಬುಧವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬೈರಕೂರಿನ ರಾಗಿ ವ್ಯಾಪಾರಿ ಮಹಮ್ಮದ್ ಇಸ್ಮಾಯಿಲನ ಮನೆ ಬಾಗಿಲಲ್ಲಿ ನಿಂತು, ಸಬ್ ಇನ್‌ಸ್ಪೆಕ್ಟರ್ ಆದ ನಾನು ಅವನ ದಸ್ತಗಿರಿಯ ವಾರಂಟನ್ನು ಗಟ್ಟಿಯಾಗಿ ಓದಿದೆ. ಯುದ್ಧದ ಕಾಲ. ಅವನು ನಲವತ್ತು ಪಲ್ಲ, ಅಂದರೆ ನಾಲ್ಕು ಸಾವಿರ ಸೇರು ರಾಗಿ ಬಚ್ಚಿಟ್ಟಿದ್ದಾನೆಂದು ಯಾರೋ ಅರ್ಜಿ ಬರೆದಿದ್ದರು.

ಬಾಗಿಲ ಹಿಂದಿನಿಂದ ಅವನ ಹೆಂಡತಿ ಅಸ್ಗರಿಯ ದನಿ ಬಂತು. "ಒಳಗೆ ಗೋಷಾ ಹೆಂಗಸರಿದ್ದೀವಿ ಸಾಬ್. ಪಕ್ಕದ ಮನೆಗೆ ಹೋಗೋಕೆ ಸ್ವಲ್ಪ ಹೊತ್ತು ಕೊಡಿ."

ಕಾನೂನೂ ಅದನ್ನೇ ಹೇಳುತ್ತದೆ. ಹದಿನೈದು ನಿಮಿಷ ಕೊಟ್ಟು ಗಡಿಯಾರ ಹಿಡಿದು ನಿಂತೆ.

"ನಾವು ಬಂದಿದ್ದು ಕಳ್ಳನ್ನ ಹಿಡಿಯೋಕಾ, ಹೆಣ್ಣು ನೋಡೋಕಾ ಸ್ವಾಮಿ?" ಎಂದ ದಫೇದಾರ್ ಅಶ್ವತ್ಥಪ್ಪ. "ಅವನು ಇಷ್ಟೊತ್ತಿಗೆ ಗಡಿ ದಾಟಿ ಪುಂಗನೂರು ಸೇರ್ಕೊಂಡಿರ್ತಾನೆ."

"ಹಿತ್ತಲ ಗೋಡೆ ಆಚೆ ನಮ್ಮೋರಿಬ್ಬರು ನಿಂತಿದಾರಲ್ಲಯ್ಯ."

ಬುರ್ಖಾ ಹಾಕಿದ ಮೂವರು ಹೊರಬಂದರು. ನಾನು ಕಳಿಸಿದ ಊರಿನ ಮುನಿಯಲ್ಲಮ್ಮ ಪಕ್ಕದ ಮನೆಯಲ್ಲಿ ಅವರ ಮುಖ ನೋಡಿ ಬಂದು, "ಮೂವರೂ ಹೆಂಗಸರೇ" ಎಂದಳು. ಆಮೇಲೆ ನಾವು ಒಳಗೆ ಹೋದೆವು. ಪಂಚರ ಮುಂದೆ ಒಂದೊಂದೇ ಕೋಣೆ ನೋಡಿ ಪಟ್ಟಿ ಬರೆದೆ. ಅಂಗಡಿ ಕೋಣೆಯಲ್ಲಿ ಖಾಲಿ ಚೀಲಗಳಿದ್ದವು, ಅವನ್ನೂ ಎಣಿಸಿದೆ. ಮೂವತ್ತೈದು ನಿಮಿಷ ಹಿಡಿಯಿತು. ಇಸ್ಮಾಯಿಲ್ ಎಲ್ಲೂ ಇರಲಿಲ್ಲ.

ಹಿತ್ತಲಲ್ಲಿ ಹಗೇವಿತ್ತು, ನೆಲದಡಿ ರಾಗಿ ತುಂಬಿಡುವ ಗುಂಡಿ. ಅದರ ಬಾಯಿಗೆ ಮುಚ್ಚಿದ ಚಪ್ಪಡಿಯ ಸುತ್ತ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು.

ಚಪ್ಪಡಿ ಸರಿಸಿದೆವು. "ಬಾರಪ್ಪಾ ಮೇಲಕ್ಕೆ, ಆಟ ಮುಗೀತು!" ಎಂದು ಕೂಗಿ ಅಶ್ವತ್ಥಪ್ಪ ಇಳಿಯಲು ಹೊರಟ. ನಾನು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ. ನಾಲ್ಕು ಅಡಿ ಹೋಗುವಷ್ಟರಲ್ಲಿ ದೀಪ ಆರಿತು.

ಮುಚ್ಚಿದ ಗುಂಡಿಯಲ್ಲಿ ಮುಗ್ಗಿದ ಕಾಳು ಗಾಳಿಯನ್ನು ಕೆಡಿಸುತ್ತದೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ರೈತರಿಗೆ ಓದದೆಯೇ ಗೊತ್ತು. ಹಗೇವು ತೆರೆದರೆ ಒಂದು ದಿನ ಬಿಟ್ಟು ಇಳಿಯುತ್ತಾರೆ. ಇಸ್ಮಾಯಿಲ್ ರೈತನಲ್ಲ, ಚೀಲದಲ್ಲಿ ಕೊಂಡು ಚೀಲದಲ್ಲೇ ಮಾರಿದವನು. ಕೊಂಡ ಮನೆಯ ಜೊತೆಗೆ ಹಗೇವೂ ಬಂದಿತ್ತು, ಅಷ್ಟೆ.

ತಳದಲ್ಲಿ ಬಿದ್ದಿದ್ದ ಅವನನ್ನು ಕೊಕ್ಕೆ ಹಾಕಿ ಮೇಲಕ್ಕೆಳೆದೆವು. ನಾಡಿ ನೋಡಲು ಮಣಿಕಟ್ಟು ಹಿಡಿದೆ. ಮೈ ಮುಟ್ಟಿದರೆ ದಸ್ತಗಿರಿ ಪೂರ್ಣವಾಯಿತೆಂದು ಕಾನೂನು. ನಾಡಿ ಇರಲಿಲ್ಲ.

ಅಸ್ಗರಿ ಬುರ್ಖಾ ಇಲ್ಲದೆ ಓಡಿಬಂದಳು. "ಠಾಣೆಗೆ ಹೋದ್ರೆ ಹೊಡೀತೀರಿ ಅಂತ ಹೆದರಿದ್ರು ಸಾಬ್. ಕಲ್ಲು ಮುಚ್ಚಿದ್ದು ನಾನೇ. ಯಾರು ಕೂಗಿದ್ರೂ ಓಗೊಡಬೇಡಿ ಅಂದಿದ್ದೆ. ಆಮೇಲೆ ನಾನು ಕರೆದೆ, ಮಾತಾಡಲಿಲ್ಲ. ಹೇಳಿದ ಹಾಗೇ ಇದಾರೆ ಅಂದ್ಕೊಂಡೆ."

"ನಾನು ಯಾರನ್ನೂ ಹೊಡೆದವನಲ್ಲಮ್ಮ."

"ಅದು ನಮಗೆ ಹೇಗೆ ಗೊತ್ತಾಗಬೇಕಿತ್ತು?"

ಮರುದಿನ, ಗಾಳಿಯಾಡಿದ ಮೇಲೆ, ಪಂಚರ ಮುಂದೆ ಹಗೇವಿನ ತಳ ಗುಡಿಸಿ ಅಳೆಸಿ ಮಹಜರಿನಲ್ಲಿ ಬರೆದೆ: ಮುಗ್ಗಿದ ರಾಗಿ, ಹದಿನೆಂಟು ಸೇರು.