ಆಯಿ ಹತ್ತುವ ಎತ್ತರ

ಲಕ್ಷ್ಮಪ್ಪನ ಜೀಪು ಬಹಳ ದಿನದಿಂದ ಮುಗಿಲು ನೋಡುತ್ತ ಓಡುತ್ತಿತ್ತು. ಹಿಂದೆ ಟ್ರೇಲರ್ ಕಟ್ಟಿ, ಅದರಲ್ಲಿ ಕುರಿಮರಿ, ಬಲೆ, ಕಂಬಳಿ, ಜೋಳದ ಚೀಲ, ನೀರಿನ ಡ್ರಮ್ಮು ಹೇರಿದರೆ ಜೀಪಿನ ಹಿಂಭಾಗ ಕುಳಿತುಬಿಡುತ್ತಿತ್ತು, ಮೂತಿ ಮೇಲೇಳುತ್ತಿತ್ತು. ಶಲವಡಿಯ ಮಂದಿ, “ಲಕ್ಷ್ಮಪ್ಪನ ಗಾಡಿ ಮಳಿ ಕೇಳಾಕ ಹೊಂಟೈತಿ,” ಎಂದು ನಗುತ್ತಿದ್ದರು.

ಹೋದ ವರ್ಷ ಮಳೆ ಕೇಳದೆಯೇ ಬಂತು. ದೀಪಾವಳಿ ಮುಗಿಸಿ ಹಿಂಡು ಹೊರಟಿತ್ತು. ಸ್ವಾತಿ ಮಳೆ ಕಪ್ಪು ಎರಿ ಹೊಲದ ನಟ್ಟನಡುವೆ ಹಿಡಿಯಿತು. ಜೀಪಿನ ಹೊಟ್ಟೆ ಮಣ್ಣಿಗೆ ಅಂಟಿತು. ಗಾಲಿ ತಿರುಗಿದಷ್ಟೂ ಕೆಸರು ಸುತ್ತಿಕೊಂಡು ರೊಟ್ಟಿ ಹಿಟ್ಟಿನ ಮುದ್ದೆಯಂತಾದವು. ಬೆಳಗಾಗುವುದರೊಳಗೆ ಟ್ರೇಲರಿನ ಮರಿಗಳಲ್ಲಿ ಎಷ್ಟೋ ಚಳಿಗೆ ಸೆಟೆದಿದ್ದವು. ಲಕ್ಷ್ಮಪ್ಪನ ಮಗಳು ಮೈಲಾರವ್ವ ತನ್ನ ಕಂಬಳಿಯೊಳಗೆ ಇಟ್ಟುಕೊಂಡ ಒಂದು ಕರಿ ಮರಿ ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟಿತು. ಅದೇ ಈಗ ದೊಡ್ಡ ಕುರಿಯಾಗಿ ಅವಳ ಸೆರಗು ಜಗ್ಗುತ್ತಿತ್ತು.

ಆದ್ದರಿಂದ ಈ ಸಲ ಹಿಂಡು ಹೊರಡುವ ಮೊದಲು ಜೀಪು ಎತ್ತರಿಸುವುದೆಂದಾಯಿತು. ಮೈಲಾರವ್ವನ ಅವ್ವ ಮತ್ತು ಕಾಕಾ ಹಿಂಡಿನ ಹತ್ತಿರ ಉಳಿದರು. ಅಪ್ಪ, ಅಣ್ಣ ಬೀರೇಶ, ಅಪ್ಪನ ತಾಯಿಯಾದ ಆಯಿ ಸಾವಂತ್ರೆವ್ವ ಮತ್ತು ಮೈಲಾರವ್ವ ನವಲಗುಂದದ ಶಕೀಲನ ಗ್ಯಾರೇಜಿಗೆ ಬಂದರು. ಆಯಿಯನ್ನು ಕರೆತಂದಿದ್ದಕ್ಕೆ ಕಾರಣವಿತ್ತು. ಜೀಪು ಎಷ್ಟು ಏರಿದರೂ ಆಯಿ ಹತ್ತುವಂತಿರಬೇಕು. ಹತ್ತಲಾಗದಿದ್ದರೆ ಆಯಿ ಊರಲ್ಲಿ ಉಳಿಯಬೇಕು. ಆಯಿ ಉಳಿದರೆ ಅವಳ ಸಂಗಡ ಮೈಲಾರವ್ವ ಉಳಿಯಬೇಕು.

ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವಂಥ ಮಾತೂ ಆಗಿರಲಿಲ್ಲ. ಮೈಲಾರವ್ವ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಕೂತಿದ್ದಳು.

ಆರನೇ ಇಯತ್ತೆಗೆ ಸಾಲೆ ಬಿಡಿಸಿ ಅವಳನ್ನು ಹಿಂಡಿನ ಜೊತೆ ಕಳಿಸಿದಾಗ ಊರ ಹೆಂಗಸರು ಲೊಚಗುಟ್ಟಿದ್ದರು. ಅವಳಿಗೆ ಮಾತ್ರ ಆ ದಾರಿಯೇ ಮನೆಯಾಯಿತು. ಅಣ್ಣಿಗೇರಿ ದಾಟಿ, ಕುಂದಗೋಳದ ಮೆಣಸಿನಕಾಯಿ ಹೊಲಗಳ ಬದುವಿನ ಮೇಲೆ ಹಾಯ್ದು, ಕಲಘಟಗಿ ಕಡೆಯ ಕೊಯ್ದ ಭತ್ತದ ಗದ್ದೆಗಳಿಗೆ ಇಳಿಯುವ ದಾರಿ. ಅಲ್ಲಿ ಬೆಳಿಗ್ಗೆ ನೆಲದಿಂದ ಏಳುವ ಮಂಜಿನಲ್ಲಿ ಕುರಿಗಳ ಬೆನ್ನು ಮಾತ್ರ ತೇಲುತ್ತಿದ್ದವು. ಮಂದಿಯ ಎದುರು ಬಾರದ ಅವಳ ದನಿ, ಕುರಿ ಕರೆಯುವಾಗ ಹೊಲ ದಾಟಿ ಹೋಗುತ್ತಿತ್ತು. ಬರುವ ಬೇಸಿಗೆಗೆ ಅವಳ ಲಗ್ನ. ಗಂಡಿನದು ಅಣ್ಣಿಗೇರಿಯಲ್ಲಿ ಕಿರಾಣಿ ಅಂಗಡಿ. ಒಳ್ಳೆಯ ಮನೆತನ, ಪತ್ರಾಸಿನ ಮಾಡಿನ ನೆರಳು, ಮನೆ ಮುಂದೆ ನಳ. ಕುರಿ ಇಲ್ಲ. ಹಿಂಡಿನ ಜೊತೆ ಹೋಗುವುದಿದ್ದರೆ ಇದೊಂದೇ ವರ್ಷ.

ಶಕೀಲ ಜೀಪಿನ ಕೆಳಗೆ ಹೊಕ್ಕು ಸುತ್ತಿಗೆಯಿಂದ ಪಾಟಾ ಬಡಿದ. ಗಾಲಿಗಳನ್ನು ಕೂಡಿಸುವ ಅಚ್ಚಿನ ಮೇಲೆ ಒಂದರ ಮೇಲೊಂದು ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳವು. ಗಾಡಿಯ ಭಾರವೆಲ್ಲ ಅವುಗಳ ಬೆನ್ನ ಮೇಲೆ.

“ಕಾಕಾ, ನಿಮ್ಮ ಪಾಟಾ ಸತ್ತ ಹೋಗ್ಯಾವ್ರಿ. ಬಾಗ ಅನ್ನೂದ ಉಳದಿಲ್ಲ. ಲಟ್ಟಿಸಿದ ಹಪ್ಪಳ ಆಗ್ಯಾವು,” ಎಂದ ಲಕ್ಷ್ಮಪ್ಪನಿಗೆ.

ಬೀರೇಶ ಫೋನು ಮುಂದೆ ಹಿಡಿದ. ಯಾವುದೋ ಮರಳುಗಾಡಿನಲ್ಲಿ ಒಂದು ಜೀಪು ಆಳೆತ್ತರದ ಗಾಲಿಗಳ ಮೇಲೆ ಹಾರುತ್ತಿತ್ತು. “ಇಂಥಾದ್ದು ಮಾಡೂಣು ಶಕೀಲಣ್ಣ. ಆರ ಇಂಚು ಏರಸು.”

“ಆರಾ? ಕುರಿ ಕಾಯಾಕ ಹೊಂಟೀಯೋ, ಆನಿ ಹತ್ತಿ ಮೆರವಣಿಗಿ ಹೊಂಟೀಯೋ?”

ಆಯಿ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತು ನಕ್ಕಳು. “ಅವನ ಅಜ್ಜ ಕುದರಿ ಮ್ಯಾಲ ಗಂಟ ಹೇರಿ ತಾನು ನಡಕೊಂತ ಹೋಗಾಂವ. ಇಂವಗ ಕುಂಡಿ ಕೆಳಗ ಮುಗಲ ಬೇಕಂತ.”

“ಹಂಗಾರ ಬ್ಲಾಕ್ ಹಾಕು,” ಬೀರೇಶ ಬಿಡಲಿಲ್ಲ. “ಅಚ್ಚಿಗೂ ಪಾಟಾಕ್ಕೂ ನಡುವ ಒಂದೊಂದು ಕಬ್ಬಿಣದ ತುಂಡು. ಸಸ್ತಾದಾಗ ಮುಗೀತೈತಿ.”

“ಸುಮ್ನ ತಿರಗೋ ಗಾಡಿಗೆ ಹಾಕ್ತೇನಿ ತಮ್ಮಾ. ಎಳಿಯೋ ಗಾಡಿಗೆ ಹಾಕಂಗಿಲ್ಲ. ಹಿಂದ ಟ್ರೇಲರ್ ಜಗ್ಗಿದಾಗ ಆ ತುಂಡಿನ ಮ್ಯಾಲ ಅಚ್ಚು ತಿರುಚತೈತಿ. ಒಳಗ ನಿಮ್ಮ ಆಯಿ ಕುಂತಿರ್ತಾಳ.” ಶಕೀಲ ಕೈ ಒರೆಸಿಕೊಳ್ಳುತ್ತ ಲಕ್ಷ್ಮಪ್ಪನ ಕಡೆ ತಿರುಗಿದ. “ಎರಡು ದಾರಿ ಅದಾವು ಕಾಕಾ. ಹೊಸ ಪಾಟಾ ಹಾಕಿ ಎರಡ ಇಂಚು ಏರಸೂದು, ಟಾಯರ್ ಇವ ಇರಲಿ. ಹಿಂಭಾಗ ಕೂಡ್ರೂದು ನಿಲ್ಲತೈತಿ. ಆದ್ರ ಮಣ್ಣಾಗ ಹುಗಿಯೂದು ನಿಲ್ಲಂಗಿಲ್ಲ. ಪಾಟಾ ಎತ್ತಿದ್ರ ಮೈ ಏರತೈತಿ, ಅಚ್ಚು ಅಲ್ಲೇ ಇರತೈತಿ. ಅಚ್ಚು ಏರಬೇಕಂದ್ರ ದೊಡ್ಡ ಟಾಯರ್ ಬೇಕು. ದೊಡ್ಡ ಟಾಯರ್ ಹಿಡಸಬೇಕಂದ್ರ ಮೈ ನಾಕ ಇಂಚು ಏರಬೇಕು. ಅದು ಎರಡನೇ ದಾರಿ.”

“ಟ್ರೇಲರಿನ ಮೂತಿ ಮ್ಯಾಲ ಆಗೂದಿಲ್ಲೇನು? ಮರಿ ಎಲ್ಲಾ ಹಿಂದಕ್ಕ ಜಾರತಾವು,” ಎಂದ ಲಕ್ಷ್ಮಪ್ಪ.

“ಹುಕ್ ಇಳಿಸಿ ಕೂಡಸ್ತೇನ್ರಿ. ಟ್ರೇಲರ್ ಸಪಾಟ ಬರತೈತಿ. ಅದರ ಚಿಂತಿ ನನಗ ಬಿಡ್ರಿ. ಚಿಂತಿ ಇರೂದು ಆಯಿದು. ಟಾಯರೂ ಪಾಟಾನೂ ಕೂಡಿ ಒಂದ ಚೋಟು ಏರತೈತಿ. ಹತ್ತತಾಳನು?”

“ಮೆಟ್ಟಲಾ ಕಟ್ಟಿದ್ರ?” ಬೀರೇಶ ಕೇಳಿದ.

“ಕೆಳಗ ಜೋತಬಿಟ್ಟ ಮೆಟ್ಟಲಾ ಮೊದಲನೇ ಬದುವಿಗೇ ಕಿತಗೊಂಡ ಹೋಗತೈತಿ.”

“ನಾ ಎತ್ತಿ ಕೂಡಸ್ತೇನಿ ಬಿಡು.”

“ಲೇ ಬೀರ್ಯಾ,” ಆಯಿ ಕೋಲು ನೆಲಕ್ಕೆ ಕುಟ್ಟಿದಳು. “ನನ್ನ ಎತ್ತೋದು ನಾಕ ಮಂದಿ, ಒಂದ ಸಲ. ಅಲ್ಲೀತನಕ ನನ್ನ ಕಾಲ ನನಗ ಅದಾವು.”

ಶಕೀಲ ಗಾಲಿಗಳ ಕೆಳಗೆ ಹಲಗೆ ಪೇರಿಸಿ ಎರಡು ಇಂಚಿನ ಎತ್ತರ ಮಾಡಿ ತೋರಿಸಿದ. ಆಯಿ ಕಂಬಿ ಹಿಡಿದು ಹತ್ತಿ ಕೂತಳು, ಇಳಿದಳು. ಅವನು ಮತ್ತೆ ಹಲಗೆ ಪೇರಿಸಿದ. ಈಗ ಜೀಪು ಒಂದು ಚೋಟು ಮೇಲೆ ನಿಂತಿತು. ಮೈಲಾರವ್ವ ಒಂದು ಹೆಜ್ಜೆ ಮುಂದೆ ಬಂದಳು. ಆ ಹೊತ್ತಿಗೆ ಆಯಿಯ ಕಾಲು ತನ್ನ ಕಾಲಾಗಿದ್ದರೆ ಚಂದಿತ್ತು ಎನಿಸಿತು.

“ಏನ್ ಶಕೀಲಾ, ನನಗ ಮಾಳಿಗಿ ಹತ್ತಸಾಕ ಹತ್ತೀ ಏನು?” ಎನ್ನುತ್ತ ಆಯಿ ಸೀರೆ ಎತ್ತಿ ಕಟ್ಟಿದಳು. ಕಂಬಿ ಹಿಡಿದಳು. ಒಂದು ಜಗ್ಗು. ಮೇಲಿದ್ದಳು.

“ಭಲೇ ಆಯಿ!” ಶಕೀಲ ಚಪ್ಪಾಳೆ ತಟ್ಟಿದ. ಬೀರೇಶ ಸಿಳ್ಳೆ ಹಾಕಿದ. ಲಕ್ಷ್ಮಪ್ಪನ ಮುಖದ ಗಂಟು ಸಡಿಲಾಯಿತು. “ನಾಕ ಇಂಚಿಂದ ಹಾಕಪಾ ಹಂಗಾರ. ಮರೀನೂ ಉಳದ್ವು, ನಮ್ಮವ್ವನೂ ಬಂದ್ಲು.”

ಎಲ್ಲವೂ ಸರಿಹೋಯಿತು. ಮೈಲಾರವ್ವನಿಗೆ ನಗು ಬರಬೇಕಿತ್ತು.

ಆದರೆ ಅವಳು ಕಾಲು ನೋಡಿದ್ದಳು. ಹಿಂಡಿನ ಜೊತೆ ನಡೆದವರು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಕುಂಟುವ ಕುರಿ ಹಿಂದೆ ಉಳಿಯುವುದಿಲ್ಲ. ಹಿಂದೆ ಉಳಿದರೆ ಬಿಟ್ಟು ಹೋಗುತ್ತಾರೆಂಬ ಅಂಜಿಕೆಗೆ ಹಿಂಡಿನ ನಡುವೆ ತೂರಿಕೊಂಡು, ಬಾಜುವಿನ ಕುರಿಗಳ ಮೈಗೆ ಭಾರ ಹಾಕಿ ನಡೆಯುತ್ತದೆ. ಯಾರಾದರೂ ನೋಡಿದರೆ ಥಟ್ಟನೆ ಬಾಯಿ ಹಾಕಿ ಮೇಯುತ್ತದೆ. ಆಯಿ ಸದಾ ಬಲಗಾಲು ಮೊದಲಿಡುವವಳು. ಇವತ್ತು ಎಡಗಾಲಿಟ್ಟಿದ್ದಳು. ಕಾಲು ಎತ್ತಿರಲಿಲ್ಲ, ಕೈಯಿಂದ ಮೈ ಜಗ್ಗಿದ್ದಳು. ಮಾಳಿಗೆಯ ಮಾತು ಆಡಿದ್ದು, ಉಸಿರು ಕಟ್ಟಿದ್ದು ಕೇಳಿಸಬಾರದೆಂದು.

ಗಂಡಸರು ಟಾಯರಿನ ಮಾತಿಗೆ ಬಿದ್ದಾಗ ಆಯಿ ಬಲಗಾಲಿನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು, ಬೇರೆಯವರದೇನೋ ಎಂಬಂತೆ ಮೆಲ್ಲಗೆ ಎತ್ತಿ ಒಳಗಿಟ್ಟುಕೊಂಡಳು. ತಲೆ ಎತ್ತಿದರೆ ಎದುರಿಗೆ ಮೊಮ್ಮಗಳು. ಆಯಿ ತಲೆ ಅಲ್ಲಾಡಿಸಿದಳು, ಅಷ್ಟೇ ಅಷ್ಟು. ಹೇಳಬ್ಯಾಡ.

ಇದು ಮೊಮ್ಮಗಳ ಕಡೆಯ ವರ್ಷವೆಂದು ಆಯಿಗೂ ಗೊತ್ತಿತ್ತು.

ದಿನಕ್ಕೆ ಆಯಿ ಎಷ್ಟು ಸಲ ಹತ್ತಬೇಕು, ಎಷ್ಟು ಸಲ ಇಳಿಯಬೇಕು! ಒಂದು ಹೊಲದಿಂದ ಇನ್ನೊಂದಕ್ಕೆ, ಭತ್ತದ ಗದ್ದೆಯ ಮಂಜಿನಲ್ಲಿ, ಸೆಟೆದ ಮೊಣಕಾಲಿನಿಂದ. ಸುಮ್ಮನಿದ್ದರೆ ಮಂಜು ಸಿಗುತ್ತದೆ, ದಾರಿ ಸಿಗುತ್ತದೆ. ಸುಮ್ಮನಿರುವುದು ಮೈಲಾರವ್ವನಿಗೆ ಹೊಸದೂ ಅಲ್ಲ.

ಶಕೀಲ ಪಾನಾ ಎತ್ತಿಕೊಂಡ.

“ಅಪ್ಪಾ.”

ದನಿ ಎಷ್ಟು ಸಣ್ಣದಿತ್ತೆಂದರೆ ಎರಡನೇ ಸಲ ಕರೆಯಬೇಕಾಯಿತು. ಎಲ್ಲರೂ ತಿರುಗಿದರು. ಅವಳು ಟಾಯರಿನ ಕಡೆ ನೋಡುತ್ತ ಹೇಳಿದಳು: “ನಾಕ ಇಂಚಿಂದ ಹಾಕಸ್ರಿ. ಆದ್ರ ಆಯಿ ಬರೂದಿಲ್ಲ. ನಾನೂ ಬರೂದಿಲ್ಲ. ಆಯಿಗೆ ಬಲಗಾಲ ಮಡಚಾಕ ಬರವಲ್ದು.”

“ಯಾರ ಕೇಳಿದ್ರು ನಿನ್ನ?” ಆಯಿ ಮೇಲಿಂದ ಗುಡುಗಿದಳು. “ಹತ್ತಿಲ್ಲೇನ್ ನಾ? ಕಣ್ಣ ಕುರುಡ ಆಗ್ಯಾವನ ನಿಮಗ?”

“ಹೌದೇನ ಬೇ?” ಲಕ್ಷ್ಮಪ್ಪ ಕೇಳಿದ.

ಆಯಿ ಗಿಡದ ಕಡೆ ಮುಖ ತಿರುವಿ ಕೂತಳು. “ಸೀಟ ಕಾದೈತಿ. ಇಳಸ್ರಿ ನನ್ನ,” ಎಂದಳು. ಬೀರೇಶ ಮುಂದೆ ಬಂದರೆ ಕೋಲು ತೋರಿಸಿದಳು. ಮೈಲಾರವ್ವ ಹೋಗಿ ಬೆನ್ನು ಕೊಟ್ಟು ನಿಂತಳು. ಆಯಿ ಅವಳ ಹೆಗಲ ಮೇಲೆ ಕೈಯಿಟ್ಟು, ಪೂರಾ ಭಾರ ಬಿಟ್ಟು ಇಳಿದಳು. “ಹುಚ್ಚಿ,” ಎಂದಳು ಕಿವಿಯ ಹತ್ತಿರ. “ಹುಚ್ಚಖೋಡಿ.”

ದೀಪಾವಳಿ ಮುಗಿದು ಹಿಂಡು ಹೊರಟಿತು. ಜೀಪು ಈಗ ಮುಗಿಲು ನೋಡುತ್ತಿರಲಿಲ್ಲ. ದೊಡ್ಡ ಗಾಲಿಗಳ ಮೇಲೆ ನೆಟ್ಟಗೆ ನಿಂತು, ಹಿಂದಿನ ಟ್ರೇಲರನ್ನು ಸಪಾಟಾಗಿ ಎಳೆಯುತ್ತಿತ್ತು. ಮರಿಗಳು ಕಟಾಂಜನದ ಸರಳುಗಳ ಸಂದಿಯಿಂದ ಮೂತಿ ಹೊರಗಿಟ್ಟಿದ್ದವು.

“ಎಂಥಾ ಕೆಸರಿದ್ರೂ ಬರತೈತಿ ಇದು,” ಬೀರೇಶ ಸ್ಟೇರಿಂಗ್ ತಟ್ಟಿದ. “ಅಮಾಸಿಗೊಮ್ಮೆ ಬಂದು ನಿನ್ನ ಕರಕೊಂಡ ಹೋಗಿ ಕುರಿ ಹಟ್ಟಿ ತೋರಸ್ತೇನಿ, ನೋಡೀಯಂತ.”

ಅವಳು ಹೂಂ ಎಂದಳು. ಹಟ್ಟಿ ನೋಡುವುದು ಬೇರೆ, ನಡೆಯುವುದು ಬೇರೆ ಎಂದು ಅವನಿಗೆ ಹೇಗೆ ಹೇಳುವುದು? ಹಳ್ಳದ ಮೇಲಿನ ಪೂಲಿನವರೆಗೆ ಹಿಂಡಿನ ಹಿಂದೆ ನಡೆದಳು. ಅಲ್ಲಿ ನಿಂತಳು. ಧೂಳು ಅವಳನ್ನು ದಾಟಿ ಮುಂದೆ ಹೋಯಿತು.

ಕರಿ ಕುರಿ ಮಾತ್ರ ನಿಂತಿತು. ತಿರುಗಿ ನೋಡಿತು. ಹಿಂಡು ದೂರವಾದಷ್ಟೂ ಅದು ಅವಳ ಕಡೆ ಒಂದೊಂದೇ ಹೆಜ್ಜೆ ಇಟ್ಟಿತು. ಹತ್ತಿರ ಬಂದು ಸೆರಗಿಗೆ ಬಾಯಿ ಹಾಕುವುದರಲ್ಲಿತ್ತು.

ಮೈಲಾರವ್ವ ಸೆರಗು ಜಗ್ಗಿಕೊಂಡಳು. ದನಿ ಎತ್ತಿ ಕೂಗಿದಳು. ಹಿಂದೆ ಬಿದ್ದ ಕುರಿಯನ್ನು ಅಟ್ಟುವ “ಹುರ್ರ್ ಹೋಯ್!” ಪೂಲು ದಾಟಿ, ಹಿಂಡು ದಾಟಿ, ಜೀಪಿನ ಸದ್ದನ್ನೂ ದಾಟಿ ಹೋಯಿತು. ಕರಿ ಕುರಿ ಬೆಚ್ಚಿ ಹಾರಿ ಓಡಿತು. ಮುಂದಿನವೆಲ್ಲ ಆ ದನಿಯ ಗುರುತು ಹಿಡಿದು, ಅವಳು ಬೆನ್ನ ಹಿಂದೆಯೇ ಬರುತ್ತಿದ್ದಾಳೆಂದು ನಂಬಿ ಹೆಜ್ಜೆ ಚುರುಕು ಮಾಡಿದವು.

ಮನೆಯಲ್ಲಿ ಆಯಿ ಕಟ್ಟೆಯ ಮೇಲೆ ಬಲಗಾಲು ಉದ್ದಕ್ಕೆ ಚಾಚಿ ಕೂತಿದ್ದಳು.

“ಹೋದ್ವನು?”

“ಹೋದ್ವು.”

“ನಿನ್ನ ದನಿ ಇಲ್ಲೀತನಕ ಕೇಳಸ್ತು,” ಎಂದಳು ಆಯಿ. ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದಳು. ಮೈಲಾರವ್ವ ಕೂತು, ಮೊಣಕಾಲಿಗೆ ಎಣ್ಣೆ ಹಚ್ಚುತ್ತ, ಕಿವಿಯನ್ನು ಮಾತ್ರ ಅಣ್ಣಿಗೇರಿ ದಾರಿಯ ಕಡೆಗೇ ಇಟ್ಟಿದ್ದಳು.